ಕಲ್ಲುಕೈ

ಮಾರ್ಚ್ 3, ಸೋಮವಾರ. ಸಂಜೆ

ಇವತ್ತು ನಮ್ಮ ಡೆಂಟಲ್ ಲ್ಯಾಬಿಗೆ ಮುಂದಿನ ಹಲ್ಲುಗಳ ಕೆಲಸವೇ ಹೆಚ್ಚು ಬಂತು. ಮುಂದಿನ ಹಲ್ಲಿನ ಕ್ಯಾಪ್ ಅಂದರೆ ಅರ್ಧ ಕೆಲಸ ಬಣ್ಣದ್ದು. ಬುಡಕ್ಕೆ ತುಸು ಹಳದಿ, ತುದಿಗೆ ಕಂಡೂ ಕಾಣದ ನೀಲಿ. ಬ್ರಷ್ಷಿನ ತುದಿಯಲ್ಲಿ ಸೆರಾಮಿಕ್ ತೆಗೆದು ಪದರ ಪದರವಾಗಿ ಕೂರಿಸಬೇಕು. ಬೆಳಗಿನ ಮಾತ್ರೆ ನುಂಗಿದ ಮೇಲೆ ಊಟದ ಹೊತ್ತಿನವರೆಗೆ ಕೈ ಹೇಳಿದ ಮಾತು ಕೇಳುತ್ತದೆ. ಆಮೇಲೆ ಮೊಂಡು. ಮಣಿಕಟ್ಟನ್ನು ಬೆಂಚಿನ ಅಂಚಿಗೆ ಒತ್ತಿಟ್ಟುಕೊಂಡು ಹೇಗೋ ಮುಗಿಸಿದೆ. ಬೆಂಚು ಓಡಿಹೋಗುತ್ತಾ ಅಂತ ಪಕ್ಕದವನು ಕೇಳಿದ. ನಕ್ಕೆ.

ಸಂಜೆ ಆನ್‌ಲೈನಿನಲ್ಲಿ ಬಂದೂಕಿನ ಗೇಮ್. ನಾಲ್ವರೂ ಸಿಕ್ಕಿದೆವು — ತಂಗಿ, ಪೈಲಟ್, ಗೂಬೆ, ನಾನು. ಕ್ಯಾಪ್ಟನ್ ತಂಗಿಯೇ. ಅವಳ ಊರು ಇಲ್ಲಿಂದ ಒಂದು ರಾತ್ರಿಯ ಬಸ್ಸಿನಷ್ಟು ದೂರ. ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದಲ್ಲೇ ಕೂತು ಬೈದ ಹಾಗಿರುತ್ತದೆ. ಪೈಲಟ್ ಓಡಿಸುವುದು ಸಿಟಿ ಬಸ್ಸು. ಗೂಬೆ ನೈಟ್ ಡ್ಯೂಟಿಯ ನರ್ಸ್. ಇಬ್ಬರ ಮುಖವನ್ನೂ ನೋಡಿಲ್ಲ. ದೂರದ ಕಟ್ಟಡದಿಂದ ಗುರಿಯಿಟ್ಟು ಹೊಡೆಯುವವನು ನಾನು. ನನಗೆ ಅವರಿಟ್ಟ ಹೆಸರು ಕಲ್ಲುಕೈ. ಕೈ ಕಲ್ಲಿನ ಹಾಗೆ ನಿಲ್ಲುತ್ತದಂತೆ.

ನಿಲ್ಲಿಸುವುದು ಜರಡಿ. ಚಿಕ್ಕ ಪ್ರೋಗ್ರಾಮ್ ಅದು. ಕೈ ನಡುಗುವವರಿಗಾಗಿಯೇ ಯಾರೋ ಪುಣ್ಯಾತ್ಮ ಬರೆದು ಇಂಟರ್‌ನೆಟ್ಟಿನಲ್ಲಿ ಸುಮ್ಮನೆ ಹಾಕಿದ್ದಾನೆ. ಮೌಸ್‌ಗೂ ಕಂಪ್ಯೂಟರ್‌ಗೂ ನಡುವೆ ಕೂತು ನಡುಕವನ್ನು ಸೋಸಿ, ಕೈ ಎಲ್ಲಿಗೆ ಹೋಗಬೇಕು ಅಂದುಕೊಂಡಿತ್ತೋ ಅಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ಗುರಿ ಇಡುವುದು ನಾನೇ. ಹೊಡೆಯುವುದೂ ನಾನೇ. ತಪ್ಪಿದರೆ ತಪ್ಪೂ ನನ್ನದೇ.

ಕಾಯಿಲೆ ಇರುವುದು ಇವಳಿಗೆ, ನನ್ನ ಹೆಂಡತಿಗೆ, ಗೊತ್ತು, ನರರೋಗದ ಡಾಕ್ಟರಿಗೆ ಗೊತ್ತು. ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ. ತಂಗಿಗಂತೂ ಗೊತ್ತಾಗಲೇಬಾರದು. ಸದ್ಯಕ್ಕೆ.

ಮಾರ್ಚ್ 9, ಭಾನುವಾರ

ತಂಗಿ ಫೋನಿನಲ್ಲಿ ಅಪ್ಪನ ವಿಷಯ ತೆಗೆದಳು. ಅಪ್ಪನ ಸ್ಟೀಲ್ ಲೋಟವನ್ನು ಅವಳ ಮಗಳು ಹೂವಿನ ಕುಂಡ ಮಾಡಿದ್ದಾಳಂತೆ. ನಕ್ಕಳು. 

ಆ ಲೋಟದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಹಾಕುವಂತಿರಲಿಲ್ಲ. ಅಪ್ಪನಿಗೆ ಪಾರ್ಕಿನ್ಸನ್. ಕೊನೆಯ ವರ್ಷಗಳಲ್ಲಿ ಉಣ್ಣಿಸಿದ್ದು, ಮಗ್ಗುಲು ಬದಲಾಯಿಸಿದ್ದು, ಗಡ್ಡ ಕೆರೆದದ್ದು ಎಲ್ಲ ಅವಳೇ. ನಾನು ತಿಂಗಳಿಗೊಮ್ಮೆ ಹೋಗಿ ಔಷಧಿ ಕೊಟ್ಟು ಬರುತ್ತಿದ್ದೆ. ಎಲ್ಲ ಮುಗಿದ ದಿನ ಹಿತ್ತಲಲ್ಲಿ ಕೂತು ಹೇಳಿದ್ದಳು, ಇನ್ನೊಂದು ಸಲ ಇದನ್ನೆಲ್ಲ ನೋಡೋ ಶಕ್ತಿ ನನಗಿಲ್ಲ ಅಣ್ಣ ಅಂತ.

ಹೇಳಬೇಕು. ನನ್ನ ಬಾಯಿಂದಲೇ, ಎದುರು ಕೂತು. ಅವಳ ಮಗಳ ಪರೀಕ್ಷೆ ಮುಗಿಯಲಿ. ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಹೇಳಿ ನೋಡಿಕೊಳ್ಳುತ್ತಿರುತ್ತೇನೆ. ಮೊದಲ ವಾಕ್ಯವೇ ಇನ್ನೂ ಸಿಕ್ಕಿಲ್ಲ.

ಮಾರ್ಚ್ 11, ಮಂಗಳವಾರ

ಗೇಮ್ ತೆರೆದರೆ ಅಪ್‌ಡೇಟ್. ಹೊಸ ಆಂಟಿ-ಚೀಟ್ ಬಂದಿದೆ, ಹಾಕಿಕೊಳ್ಳದಿದ್ದರೆ ಆಟವಿಲ್ಲ. ಮೋಸ ಮಾಡುವವರನ್ನು ಹಿಡಿಯಲು. ಒಳ್ಳೆಯದೇ, ಮೋಸದಿಂದ ಗೋಡೆಯಾಚೆಗೂ ನೋಡಬಲ್ಲವರ ಕೈಯಲ್ಲಿ ಎಷ್ಟು ಸಲ ಸತ್ತಿದ್ದೇವೋ.

ಇವಳು ಕೆಲಸ ಮಾಡುವುದು ವಕೀಲರ ಆಫೀಸಿನಲ್ಲಿ. ಟೈಪಿಂಗ್. ಆಫೀಸಿನ ಕಾಗದಗಳನ್ನು ಕೆಲವು ಸಲ ಇದೇ ಕಂಪ್ಯೂಟರಿನಲ್ಲಿ ಮುಗಿಸುತ್ತಾಳೆ. ಹಿಂದೆ ನಿಂತು ಒಪ್ಪಿಗೆಯ ಪುಟವನ್ನು ಓದತೊಡಗಿದಳು. ನಾನು ಅದನ್ನು ಯಾವತ್ತೂ ಓದಿದವನಲ್ಲ. ಈ ಆಂಟಿ-ಚೀಟ್ ಕಂಪ್ಯೂಟರ್ ಆನ್ ಆಗುವಾಗಲೇ ಎಲ್ಲಕ್ಕಿಂತ ಮೊದಲು ಎದ್ದು ಕೂರುತ್ತದಂತೆ. ಆಟ ಆಡದಿದ್ದಾಗಲೂ ಇರುತ್ತದಂತೆ. ಯಾವ ಪ್ರೋಗ್ರಾಮ್ ನಡೆಯುತ್ತಿದೆ ಎಂದು ನೋಡುತ್ತದೆ, ಅನುಮಾನ ಬಂದರೆ ಪರದೆಯ ಚಿತ್ರ ತೆಗೆದು ಕಳಿಸುತ್ತದೆ, ಅದನ್ನು 'ಪಾಲುದಾರ ಸಂಸ್ಥೆಗಳ' ಜೊತೆ ಹಂಚಿಕೊಳ್ಳಬಹುದು.

"ಕಾವಲು ಕಾಯೋನು ಬಾಗಿಲಲ್ಲಿ ಕೂತ್ಕೋಬೇಕು ರೀ. ಇವನು ಬೀರು ಒಳಗೇ ಕೂತ್ಕೋತೀನಿ ಅಂತಾನಲ್ಲ" ಅಂದಳು.

ಕದ್ದು ಒಯ್ಯಲು ನಮ್ಮ ಬೀರುವಿನಲ್ಲಿ ಏನಿದೆ ಅಂದೆ. ಅವಳು ಕಕ್ಷಿದಾರರ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಎತ್ತಿಕೊಂಡು, ಇಲ್ಲಿದ್ದದ್ದನ್ನು ಅಳಿಸಿ, ಪೆನ್‌ಡ್ರೈವನ್ನು ಬ್ಯಾಗಿಗೆ ಹಾಕಿಕೊಂಡಳು. ಇನ್ನು ಈ ಮೆಷಿನ್ ಮುಟ್ಟುವುದಿಲ್ಲವಂತೆ.

ಒಪ್ಪಿದೆ ಎಂದು ಒತ್ತಿದೆ. ತಂಗಿ ಹೆಡ್‌ಫೋನಿನಲ್ಲಿ ಕೂಗುತ್ತಿದ್ದಳು, ಎಲ್ಲಿ ಸತ್ತೆ ಅಣ್ಣ ಅಂತ.

ಮಾರ್ಚ್ 15, ಶನಿವಾರ

ಮಧ್ಯದಲ್ಲೇ ಪರದೆ ಕಪ್ಪಾಯಿತು. ಕರೆಂಟ್ ಹೋಯಿತು ಅಂದುಕೊಂಡೆ. ಕೆಂಪು ಅಕ್ಷರದಲ್ಲಿ ಬಂತು — ನಿಷಿದ್ಧ ಸಾಫ್ಟ್‌ವೇರ್ ಪತ್ತೆಯಾಗಿದೆ, ಖಾತೆ ಶಾಶ್ವತವಾಗಿ ರದ್ದು.

ಟೂರ್ನಮೆಂಟಿನ ಪಂದ್ಯ ಅದು. ಅಲ್ಲಿದ್ದ ಎಲ್ಲರ ಪರದೆಯ ಮೇಲೂ ಹೋಗಿದೆ, ಕಲ್ಲುಕೈ ಮೋಸಕ್ಕಾಗಿ ಹೊರಗೆ ಅಂತ. ನಾಲ್ವರ ಅಂಕವೂ ಸೊನ್ನೆ. ತಂಗಿಯ ಕ್ಯಾಪ್ಟನ್ ಪಟ್ಟವೂ ಹೋಯಿತು.

ಕೈ ನೋಡಿಕೊಂಡೆ. ಮೌಸ್ ಬಿಟ್ಟಿದ್ದೆ. ತನ್ನ ಪಾಡಿಗೆ ನಡುಗುತ್ತಿತ್ತು.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ತಂಗಿಯ ಫೋನ್. ರಾತ್ರಿಯಿಡೀ ಪೈಲಟ್ ಹತ್ತಿರ, ಗೂಬೆ ಹತ್ತಿರ ನನ್ನ ಪರ ಜಗಳವಾಡಿದ್ದಾಳೆ. ನಮ್ಮಣ್ಣ ಆ ಜಾತಿಯವನಲ್ಲ, ಸಾಫ್ಟ್‌ವೇರೇ ತಪ್ಪು ಮಾಡಿದೆ, ಎಷ್ಟು ಜನಕ್ಕೆ ಹೀಗಾಗಿದೆ ಗೊತ್ತಾ ಅಂತ.  ಎಲ್ಲ ಹೇಳಿ ಮುಗಿಸಿ ಕೊನೆಗೆ ಕೇಳಿದಳು.

"ಬೇರೆಯವರ ಮಾತು ಬಿಡು. ನೀನು ಹೇಳು ಅಣ್ಣ. ಏನಾದ್ರೂ ಹಾಕಿದ್ಯಾ?"

ಇಲ್ಲ ಅಂದರೆ ಕಂಪನಿಯವರ ಮೇಲೆ ಬೀಳುತ್ತಾಳೆ. ಸಾಕ್ಷಿ ತೋರಿಸಿ ಅನ್ನುತ್ತಾಳೆ. ಅವರು ಜರಡಿಯ ಹೆಸರು ಕೊಡುತ್ತಾರೆ. ಆ ಹೆಸರು ಹುಡುಕಿದರೆ ಮೊದಲ ಸಾಲಿನಲ್ಲೇ ಇದೆ — ಪಾರ್ಕಿನ್ಸನ್ ರೋಗಿಗಳಿಗಾಗಿ.

"ಹೂಂ. ಹಾಕಿದ್ದೆ."

"ಯಾವಾಗಿಂದ?"

"ಒಂದು ವರ್ಷ ಆಗ್ತಾ ಬಂತು."

ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು.

"ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದೆ ನಾನು. ನಮ್ಮಣ್ಣನ ಕೈ ಅಂತ."

ಇಟ್ಟಳು.

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಹಾಕಿದ್ದೆ, ನಿಜ. ಒಂದು ವರ್ಷ, ನಿಜ. ನಿಜ ಹೇಳಿಯೂ ಹೀಗೆ ಮೋಸ ಮಾಡಬಹುದು ಅಂತ ಗೊತ್ತಿರಲಿಲ್ಲ.

ಮಾರ್ಚ್ 29, ಶನಿವಾರ

ತಂಗಿಯ ಫೋನಿಲ್ಲ. ನಾನೂ ಮಾಡಿಲ್ಲ. ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಏನು ಮಾಡಬೇಕೆಂದು ತೋಚುವುದಿಲ್ಲ. ಹೆಡ್‌ಫೋನ್ ಒರೆಸಿ ಡಬ್ಬಿಗೆ ಹಾಕಿಟ್ಟೆ.

ಇವಳಿಗೆ ಇವತ್ತು ಗೊತ್ತಾಯಿತು. ನಾದಿನಿಯದು ಯಾಕೆ ಈಚೆಗೆ ಮಾತೇ ಇಲ್ಲ ಅಂತ ಕೆದಕಿ ಕೆದಕಿ ಕೇಳಿದಳು. ಹೇಳಿದೆ. ಕೈಯಲ್ಲಿದ್ದ ಬಟ್ಟೆಯನ್ನು ಮಡಚುವುದು ನಿಲ್ಲಿಸಿದಳು.

"ಕಳ್ಳ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಕಾಯಿಲೆಯವನು ಅನ್ನಿಸ್ಕೋಬಾರದು. ಇದ್ಯಾವ ನ್ಯಾಯ ರೀ?"

ಅವಳಿಗೆ ಅರ್ಥವಾಗಲಿಲ್ಲ ಅಂತಲ್ಲ. ಅಪ್ಪನನ್ನು ಅವಳೂ ನೋಡಿದ್ದಾಳೆ. ಆದರೆ ತಂಗಿ ನನ್ನ ಬಗ್ಗೆ ಅಸಹ್ಯಪಟ್ಟುಕೊಂಡು ಬದುಕುವುದು, ಕಾಯಿಲೆ ಗೊತ್ತಾಗಿ ಬದುಕುವುದಕ್ಕಿಂತ ಅವಳಿಗೆ ಹಗುರ ಅಂತ ನಾನೊಬ್ಬನೇ ಹೇಗೆ ತೀರ್ಮಾನಿಸಿದೆ ಅಂತ ಇವಳ ಪ್ರಶ್ನೆ.  ಕಂಪನಿಗೆ ಮೇಲ್ಮನವಿ ಕಳಿಸಿ ಮೊದಲು ಹೆಸರು ಸರಿ ಮಾಡಿಕೊಳ್ಳಿ, ಆಮೇಲೆ ನೀವೇ ಹೋಗಿ ಎಲ್ಲ ಹೇಳಿ ಬನ್ನಿ ಅಂದಳು. ಅದು ಸರಿ ಅನಿಸಿತು. ಹೆಸರು ತೊಳೆದುಕೊಂಡು ಹೋದರೆ ಬಾಗಿಲಾದರೂ ತೆರೆದಾಳು.

ಏಪ್ರಿಲ್ 2, ಬುಧವಾರ

ಕಂಪನಿ ಕೇಳಿದ್ದು: ಡಾಕ್ಟರ್ ಸರ್ಟಿಫಿಕೇಟ್. ಗುರುತಿನ ಚೀಟಿ. ಪ್ರೋಗ್ರಾಮ್ ಇಲ್ಲದೆ ಕೈ ಹೇಗಿರುತ್ತದೆ ಎಂದು ತೋರಿಸುವ ವಿಡಿಯೋ, ಮುಖ ಕಾಣುವಂತೆ.

ಒಂದು ಆಟಕ್ಕೆ ಇಷ್ಟೆಲ್ಲ ಬೇಕಾ ಅಂದೆ. ಆಟಕ್ಕಲ್ಲ ಅಂದಳು.

ಅಡುಗೆಮನೆಯ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿ ಕೂರಿಸಿದಳು. ಮಧ್ಯಾಹ್ನದ ಮಾತ್ರೆ ತೆಗೆದುಕೊಂಡಿರಲಿಲ್ಲ, ಬೇಕೆಂದೇ. ಕಪ್ಪು ಹಿಡಿಯಿರಿ, ಎತ್ತಿ, ಇಳಿಸಿ, ಇನ್ನೊಂದ್ ಸಲ... ಅವಳ ದನಿ ಮೆತ್ತಗಿತ್ತು. ಕಪ್ಪು ಸಾಸರಿಗೆ ಬಡಿದು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಇಷ್ಟು ದಿನ ಬೆಂಚಿಗೆ ಒತ್ತಿ, ಜೇಬಿಗೆ ತುರುಕಿ, ತೊಡೆಯ ಕೆಳಗೆ ಹಾಕಿಕೊಂಡು ಕಾಪಾಡಿದ್ದನ್ನು ಬಿಸಿಲಿಗೆ ಹಾಕಿದಂತಾಯಿತು. ಮುಗಿದ ಮೇಲೆ ಅವಳು ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಕಪ್ಪು ತೊಳೆಯಲು ಹೋದಳು. ಅದರಲ್ಲಿ ಏನೂ ಇರಲಿಲ್ಲ, ತೊಳೆಯುವುದಕ್ಕೆ.

ಕಳಿಸಿದೆ.

ಏಪ್ರಿಲ್ 17, ಗುರುವಾರ

ಉತ್ತರ ಬಂತು. ಯಂತ್ರ ಬರೆದದ್ದೋ ಮನುಷ್ಯರು ಬರೆದದ್ದೋ. ನಿಮ್ಮ ಪರಿಸ್ಥಿತಿಗೆ ಮರುಗುತ್ತೇವೆ, ಆದರೆ ಮೌಸಿನ ಚಲನೆಯನ್ನು ಬದಲಿಸುವ ಯಾವ ಸಾಫ್ಟ್‌ವೇರಿಗೂ ಅನುಮತಿಯಿಲ್ಲ, ನಿರ್ಧಾರ ಬದಲಾಗದು. ಜೊತೆಗೆ ಸಾಕ್ಷ್ಯ — ಮಾರ್ಚ್ 15ರ ನನ್ನ ಪರದೆಯ ಚಿತ್ರ.

ಮೂಲೆಯಲ್ಲಿ ಜರಡಿಯ ಚಿಹ್ನೆ, ಸುತ್ತ ಕೆಂಪು ವೃತ್ತ. ಅದರ ಹಿಂದೆ ಅರ್ಧ ಕಾಣುವ ಇನ್ನೊಂದು ಕಿಟಕಿ.

ಈ ದಿನಚರಿ. ಆ ದಿನ ಮುಚ್ಚಲು ಮರೆತಿದ್ದೆ.

ಹಿಗ್ಗಿಸಿ ನೋಡಿದೆ. ಓದಬಹುದು. ಅಪ್ಪನ ಲೋಟದ ಸಾಲುಗಳು.

ಬೇರೆ ದೇಶದ ಯಾವುದೋ ಮೇಜಿನ ಮುಂದೆ ಕೂತವನಿಗೆ ಈ ಲಿಪಿ ಬಾರದಿರಬಹುದು. ಅವನಿಗದು ಬಳ್ಳಿ ಸುತ್ತಿದಂತೆ ಕಂಡಿರಬಹುದು. ಓದದಿದ್ದರೂ ಇಟ್ಟುಕೊಂಡಿದ್ದಾನಲ್ಲ. ಈಗ ಟೈಪ್ ಮಾಡುತ್ತಿರುವುದನ್ನೂ ನೋಡುತ್ತಿರಬಹುದು. ಆಟದಿಂದ ನನ್ನನ್ನು ಓಡಿಸಿದ ಮೇಲೂ ಕಾವಲುಗಾರ ಮನೆ ಬಿಟ್ಟು ಹೋಗಿಲ್ಲ, ದಿನವೂ ನನಗಿಂತ ಮೊದಲು ಎದ್ದು —

ಏಪ್ರಿಲ್ 19, ಶನಿವಾರ. ಕಾಗದದ ಮೇಲೆ

ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿದೆ. ಹಳೆಯ ಪುಟಗಳನ್ನು ಪ್ರಿಂಟ್ ಮಾಡಿಸಿ ಈ ನೋಟ್‌ಬುಕ್ಕಿನೊಳಗೆ ಇಟ್ಟಿದ್ದೇನೆ. ಇನ್ನು ಪೆನ್ನು. ಅಕ್ಷರ ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಇರುವೆಯಾಗುತ್ತದೆ. ಇದೂ ಕಾಯಿಲೆಯ ಲಕ್ಷಣವಂತೆ. ಇರಲಿ. ನನಗೆ ಓದಲು ಬಂದರೆ ಸಾಕು. ನನಗೂ ಬಾರದಿದ್ದರೆ ಇನ್ನೂ ಒಳ್ಳೆಯದು.

 ನಾನು ಹೇಳಿರಲಿಲ್ವಾ ಅಂತ ಇವಳು ಒಮ್ಮೆ ಅಂದಿದ್ದರೆ ಹಗುರವಾಗುತ್ತಿತ್ತು.

ಏಪ್ರಿಲ್ 27, ಭಾನುವಾರ

ತಂಗಿಯ ಮಗಳ ಪರೀಕ್ಷೆ ಮುಗಿದಿದೆ. ಮುಂದಿನ ಶನಿವಾರದ ಬಸ್ಸಿಗೆ ಸೀಟು ಮಾಡಿಸಿದೆ. ಹೆಸರು ಸರಿಯಾಗಲಿಲ್ಲ, ಪರವಾಗಿಲ್ಲ, ಹೇಳಿಬಿಡುವುದೇ. ಶೇವಿಂಗ್ ಮಾಡಿಕೊಳ್ಳುತ್ತ ಮತ್ತೆ ಅಭ್ಯಾಸ. 'ನೋಡೇ, ಗಾಬರಿಯಾಗಬೇಡ' ಅಂತ ಶುರು ಮಾಡಿದರೆ ಮೊದಲು ಗಾಬರಿಯೇ ಆಗುತ್ತಾಳೆ. ಬೇಡ.

ಏಪ್ರಿಲ್ 30, ಬುಧವಾರ. ಬೆಳಿಗ್ಗೆ

ಗೂಬೆಯಿಂದ ಮೆಸೇಜ್. ಇಷ್ಟು ದಿನದ ಮೇಲೆ. ಡ್ಯೂಟಿ ಮುಗಿಸಿ ಬಂದು ನೋಡಿದಳಂತೆ. 'ಅಣ್ಣಾ ಇದು ನೀವಾ? ದಯವಿಟ್ಟು ಅಲ್ಲ ಅನ್ನಿ.' ಕೆಳಗೊಂದು ಲಿಂಕ್.

ನಮ್ಮ ಅಡುಗೆಮನೆ.

ಕಿಟಕಿ. ಕುರ್ಚಿ. ನಾನು. ಕಪ್ಪು ಬಡಿಯುವ ಸದ್ದಿಗೆ ಯಾರೋ ತಾಳ ಕೂಡಿಸಿದ್ದಾರೆ. ಮೇಲೆ ಬರೆದಿದೆ, ಕಲ್ಲುಕೈಯ ಅಸಲಿ ಕೈ. ಕೆಳಗೆ ನಗುವ ಮುಖಗಳು, ಸಾಲುಸಾಲು. ಒಬ್ಬ ಬರೆದಿದ್ದಾನೆ, ಇಂಥವರಿಗೆ ಗೇಮ್ ಯಾಕೆ ಬೇಕು ಅಂತ.

ಇವಳ ದನಿಯೂ ಇದೆ. ಇನ್ನೊಂದ್ ಸಲ, ಇನ್ನೊಂದ್ ಸಲ. ಅದನ್ನೇ ಕತ್ತರಿಸಿ ಮತ್ತೆ ಮತ್ತೆ ಹಾಕಿದ್ದಾರೆ.

ಅವಳಿಗೆ ತೋರಿಸಬಾರದು ಅಂದುಕೊಂಡೆ. ಹಿಂದೆಯೇ ನಿಂತಿದ್ದಳು.

ಏಪ್ರಿಲ್ 30. ಸಂಜೆ

ಕಂಪನಿಯ ಇ-ಮೇಲ್. ಮೇಲ್ಮನವಿಗಳನ್ನು ನೋಡಿಕೊಳ್ಳುತ್ತಿದ್ದ ಪಾಲುದಾರ ಸಂಸ್ಥೆಯ ಡೇಟಾ ಉಗ್ರಾಣಕ್ಕೆ 'ಅನಧಿಕೃತ ಪ್ರವೇಶ' ಆಗಿದೆ, 'ಕೆಲವು' ಬಳಕೆದಾರರ ಕಡತಗಳು ಹೊರಗೆ ಹೋಗಿರುವ 'ಸಾಧ್ಯತೆ' ಇದೆ, ಪಾಸ್‌ವರ್ಡ್ ಬದಲಿಸಿಕೊಳ್ಳಿ.

ಪಾಸ್‌ವರ್ಡ್ ಬದಲಿಸಬಹುದು. ಕೈಯನ್ನು ಏನು ಮಾಡಲಿ?

ಮೇ 1, ಗುರುವಾರ

ತಂಗಿಗೆ ಫೋನ್ ಮಾಡಲು ಕೂತಿದ್ದೆ. ಅವಳದೇ ಬಂತು. ಎತ್ತಿದೆ. 

"ಅಪ್ಪನ ಕೈ ಅಂದ್ಕೊಂಡೆ ಅಣ್ಣ" ಅಂದಳು. "ಪೈಲಟ್ ಕಳಿಸಿದ್ದ. ಶುರುವಲ್ಲಿ ಕೈ ಮಾತ್ರ ಕಾಣುತ್ತಲ್ಲ. ಅಪ್ಪನ ವಿಡಿಯೋ ಯಾರ ಹತ್ರ ಇತ್ತು, ಯಾರು ಹಾಕಿದ್ರು ಅಂತ ಯೋಚಿಸ್ತಾ ಇದ್ದೆ. ಆಮೇಲೆ ಅತ್ತಿಗೆ ದನಿ ಬಂತು."

 ಶನಿವಾರ ಬರುವವನಿದ್ದೆ, ಸೀಟು ಮಾಡಿಸಿದ್ದೇನೆ ಅಂತ ಹೇಳಬೇಕೆನಿಸಿತು. ಈಗ ಯಾರು ನಂಬುತ್ತಾರೆ. ಹೇಳಲಿಲ್ಲ.

 ತುಂಬಾ ಹೊತ್ತು ಇಬ್ಬರೂ ಫೋನ್ ಹಾಗೇ ಹಿಡಿದುಕೊಂಡಿದ್ದೆವು. ಕೊನೆಗೆ ಯಾರು ಇಟ್ಟರೋ ಗೊತ್ತಿಲ್ಲ.

ಮೇ 3, ಶನಿವಾರ

ಬಸ್ಸಿಗೆ ಹೋಗಲಿಲ್ಲ. ಹೋಗಿ ಏನು ಹೇಳುವುದು? ಹೇಳಬೇಕಾದ್ದನ್ನು ತಾಳ ಕೂಡಿಸಿ ಊರಿಗೆಲ್ಲ ಹೇಳಿಯಾಗಿದೆ.

ಮೇ 6, ಮಂಗಳವಾರ

ಓನರ್ ಒಳಗೆ ಕರೆದರು. ಬಾಗಿಲು ತಾವೇ ಮುಚ್ಚಿದರು. ಯಾರೋ ಡೆಂಟಿಸ್ಟಿನ ಮಗಳು ಆ ಗೇಮ್ ಆಡುತ್ತಾಳಂತೆ, ಹಾಗೆ ಡೆಂಟಿಸ್ಟಿಗೆ ಗೊತ್ತಾಗಿ ಇವರಿಗೆ ತಿಳಿಯಿತು. ಬೈಯಲಿಲ್ಲ. ನನ್ನ ಕ್ಯಾಪುಗಳಲ್ಲಿ ಒಂದೂ ವಾಪಸ್ ಬಂದಿಲ್ಲ ಅಂತ ಅವರೇ ಹೇಳಿದರು. ಆದರೂ ನಾಳೆಯಿಂದ ಬ್ರಷ್ಷಿನ ಕೆಲಸ ಬೇಡ, ಹೊರಗೆ ಹೋಗುವ ಮಾಲನ್ನು ಪರೀಕ್ಷೆ ಮಾಡಿ ಸಾಕು, ಸಂಬಳ ಅಷ್ಟೇ ಇರುತ್ತದೆ ಅಂದರು. ಹೆಗಲ ಮೇಲೆ ಕೈ ಇಟ್ಟರು. ಹದಿನೆಂಟು ವರ್ಷದಲ್ಲಿ ಅವರು ನನ್ನ ಹೆಗಲು ಮುಟ್ಟಿದ್ದು ಇದೇ ಮೊದಲು.

ಬೆಂಚಿಗೆ ಬಂದಾಗ ಪಕ್ಕದವನು ನನ್ನ ಬ್ರಷ್ಷುಗಳನ್ನು ತೊಳೆದು ಸಾಲಾಗಿ ಜೋಡಿಸಿಟ್ಟಿದ್ದ. ತಮಾಷೆ ಮಾಡಲಿಲ್ಲ. ಮಾಡಬೇಕಿತ್ತು.

ಮೇ 8, ಗುರುವಾರ

ಗಲಾಟೆ ದೊಡ್ಡದಾಗಿದೆಯಂತೆ. ನನ್ನೊಬ್ಬನದಲ್ಲ, ಎಷ್ಟೋ ಜನರ ಕಡತ ಹೊರಗೆ ಬಿದ್ದಿದೆ. ಕಾಲಿಲ್ಲದವರದು, ಒಂದು ಕಣ್ಣಿನವರದು, ಮಾತು ತೊದಲುವವರದು. ನಮ್ಮ ಹಾಗೆ ಸಾಬೀತು ಮಾಡಲು ಹೋದವರೇ ಎಲ್ಲ. ಸುಮ್ಮನೆ ಕಳ್ಳರೆಂದು ಒಪ್ಪಿಕೊಂಡವರು ಬಚಾವ್.

ಪೈಲಟ್ ಫೋನ್ ಮಾಡಿದ್ದ. ಬಸ್ಸು ಡಿಪೋಗೆ ಹಾಕಿ, ಅಲ್ಲಿಂದಲೇ. ಬಾಯಿಗೆ ಬಂದಂತೆ ಬೈದಿದ್ದೆ ನಿಮ್ಮನ್ನ, ತಪ್ಪಾಯ್ತು ಅಂದ. ಅವನ ತಪ್ಪೇನಿದೆ. ನಾನೇ ಒಪ್ಪಿಕೊಂಡಿದ್ದೆನಲ್ಲ.

ಸಂಜೆ ಕಂಪನಿಯಿಂದ ಇನ್ನೊಂದು ಪತ್ರ. ಖಾತೆ ಮರಳಿ ಕೊಟ್ಟಿದ್ದಾರೆ. ಜರಡಿಯಂಥವಕ್ಕೆ ಇನ್ನು ಅನುಮತಿಯಂತೆ. ಆದ ತೊಂದರೆಗೆ ಉಡುಗೊರೆಯಾಗಿ ಚಿನ್ನದ ಬಣ್ಣದ ಬಂದೂಕು, ಆಟದೊಳಗೆ. ಇವಳಿಗೆ ಓದಿ ಹೇಳಿದೆ. ನಕ್ಕಳು. ನಗುತ್ತ ನಗುತ್ತ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಈಚೆಗೆ ಫೋನಿನಲ್ಲಿ ತಗ್ಗಿದ ದನಿಯಲ್ಲೇ ಮಾತಾಡುತ್ತಾಳೆ, ಯಾರ ಜೊತೆಯಾದರೂ. ಮೊದಲು ಹಾಗಿರಲಿಲ್ಲ.

ಆಡುವುದಿಲ್ಲ. ಆಡಬೇಕಾದರೆ ಆ ಕಾವಲುಗಾರನನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಬೇಕು.

ಮೇ 11, ಭಾನುವಾರ

ಬೆಳಿಗ್ಗೆ ಬೆಲ್ ಆಯಿತು. ಹಾಲಿನವನೆಂದುಕೊಂಡು ಬನಿಯನ್ನಿನಲ್ಲೇ ಹೋದೆ. ತಂಗಿ. ಕೈಯಲ್ಲಿ ಬ್ಯಾಗು, ರಾತ್ರಿ ಬಸ್ಸಿನ ನಿದ್ದೆಗೆಟ್ಟ ಮುಖ. ಕೈ ಹಿಂದೆ ಮಾಡಿಕೊಂಡೆ. ಅಭ್ಯಾಸಬಲ. ಅವಳು ನೋಡಿದಳು, ನೋಡದವಳಂತೆ ಚಪ್ಪಲಿ ಬಿಟ್ಟಳು.

ಅತ್ತಿಗೆ ನಾದಿನಿ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು. ಏನು ಮಾತಾಡಿಕೊಂಡರೋ ಕೇಳಿಸಲಿಲ್ಲ. ಟೀ ಬಂತು. ನನ್ನದು ಅರ್ಧ ಲೋಟ. ತಂಗಿ ಕಣ್ಣೆತ್ತಿ ಆ ಲೋಟ ನೋಡಿ ತುಟಿ ಕಚ್ಚಿದಳು. ಇವಳು ಏನೋ ತರುವ ನೆಪದಲ್ಲಿ ಅಂಗಡಿಗೆ ಹೊರಟಳು.

ಇಬ್ಬರೇ ಉಳಿದೆವು. ನಾನೇ ಶುರು ಮಾಡಿದೆ, ನಿನಗೆಲ್ಲ ಗೊತ್ತಾಗಿದೆ, ಇನ್ನೇನು ಹೇಳುವುದು ಅಂತ. ನೀನು ಬೇರೆಯವರ ಮೊಬೈಲಿನಲ್ಲಿ ನೋಡಬಾರದಿತ್ತು, ಅದೊಂದೇ ನನಗೆ...

ಅವಳು ಕುರ್ಚಿಯಿಂದ ಎದ್ದು ಬಂದು ನನ್ನ ಪಕ್ಕ, ಮಂಚದ ಅಂಚಿಗೆ ಕೂತಳು. ಕೈ ಹಿಡಿಯಲಿಲ್ಲ. ಹಿಡಿಯುತ್ತಾಳೇನೋ ಎಂದು ಹೆದರಿದ್ದೆ.

"ನಾನು ಏನೂ ನೋಡಿಲ್ಲ" ಅಂದಳು. "ಯಾರೂ ಏನೂ ಕಳಿಸಿಲ್ಲ. ಇವತ್ತು ಸುಮ್ನೆ ಬಂದಿದೀನಿ ನಿನ್ನ ನೋಡೋಕೆ. ಏನೋ ಹೇಳ್ಬೇಕು ಅಂತಿದ್ಯಂತೆ ನೀನು. ಹೇಳು ಅಣ್ಣ, ಮೊದಲಿಂದ."

ಅವಳ ಮುಖ ನೋಡಿದೆ. ನಿಜವಾಗಿಯೂ ಏನೂ ತಿಳಿಯದವಳ ಹಾಗೆ ಕಾಯುತ್ತಿದ್ದಳು. ಕಣ್ಣು ಮಾತ್ರ ಆಗಲೇ ತುಂಬಿತ್ತು.

ಹೇಳಿದೆ. ಅಭ್ಯಾಸ ಮಾಡಿಕೊಂಡ ವಾಕ್ಯ ಒಂದೂ ಬರಲಿಲ್ಲ. ಮೊದಲು ಬಂದದ್ದು ಹೆಬ್ಬೆರಳಿಗೆ ಕಣೇ ಅಂದೆ, ಶರ್ಟಿನ ಗುಂಡಿ ಹಾಕಿಕೊಳ್ಳುವಾಗ. ಚಳಿ ಅಂದುಕೊಂಡೆ. ಅವಳು ಹೌದಾ ಅಂದಳು. 'ಆಮೇಲೆ?' ಅಂದಳು. ಡಾಕ್ಟರ ಹತ್ತಿರ ಹೋಗಲು ಹೆದರಿದ್ದು, ಇವಳು ಎಳೆದುಕೊಂಡು ಹೋದದ್ದು, ಜರಡಿ ಸಿಕ್ಕ ದಿನ ಮಗುವಿನ ಹಾಗೆ ಪರದೆಯ ಮೇಲೆ ನೇರ ಗೆರೆ ಎಳೆದು ಎಳೆದು ನೋಡಿದ್ದು. ಗೆರೆಯ ಮಾತಿಗೆ ಅವಳು ಎದ್ದಳು. ಮುಖ ತೊಳೆದು ಬರುತ್ತೇನೆ, ಅಲ್ಲಿಗೇ ನಿಲ್ಲಿಸು, ಮರೆಯಬೇಡ ಅಂದು ಹೋಗಿದ್ದಾಳೆ.

ಆ ಸಂದಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಇನ್ನು ಇದು ರಕ್ತದಲ್ಲಿ ಇಳಿದು ಬರುತ್ತದಾ ಅಂತ ಕೇಳಿದ್ದಕ್ಕೆ ಡಾಕ್ಟರ್ ಹೇಳಿದ ಮಾತಿಗೆ ಬರಬೇಕು. ಅಪ್ಪನಿಗೂ ಬಂತು, ನಿನಗೂ ಬಂತು, ಹಾಗಾದರೆ ನನಗೆ? — ಕೇಳಿಯೇ ಕೇಳುತ್ತಾಳೆ. ಅದನ್ನು ಯಾವ ವಿಡಿಯೋದಲ್ಲೂ ಯಾರೂ ಹಾಕಿಲ್ಲ. ಅದೊಂದು ಇನ್ನೂ ನಮ್ಮಿಬ್ಬರ ನಡುವೆಯೇ ಇದೆ.

ನಲ್ಲಿಯ ಸದ್ದು ನಿಂತಿತು, ಬರುತ್ತಿದ್ದಾಳೆ. ಅವಳಿಗೆ ಮೊದಲು ಹೇಳಬೇಕಾದದ್ದು —